ಮೂಕಿಚಿತ್ರದಲ್ಲಿ ನಟಿಸಿದ ಕಮಲಾದೇವಿ

1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ಎಂಬ ಮೂಕಿಚಿತ್ರ ತೆಗೆದಾಗ ತಾರಾಮತಿ ಪಾತ್ರಕ್ಕೆ ಹೆಂಗಸರೇ ಸಿಗಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ನಗಬೇಡಿ, ನಮ್ಮ ಕಡೆ ಈಗಲೂ ಎಷ್ಟೋ ಗ್ಯಾದರಿಂಗ್ ನಾಟಕಗಳಲ್ಲಿ ಅಮ್ಮನ ಪಾತ್ರ ಹುಡುಗರದೇ. ಆಮೇಲೆ ಸಿನಿಮಾಕ್ಕೆ ಬಂದವರೂ ಹೆಚ್ಚಾಗಿ ಆಂಗ್ಲೋ-ಇಂಡಿಯನ್ ಹುಡುಗಿಯರು, ಇಲ್ಲವೇ ಹಾಡು-ನಾಟಕವೇ ಕಸುಬಾಗಿದ್ದ ಮನೆಯವರು. ಅಂಥ ಕಾಲದಲ್ಲಿ ಮಂಗಳೂರಿನ ಅಧಿಕಾರಿಯೊಬ್ಬರ ಮಗಳು ಕ್ಯಾಮೆರಾ ಮುಂದೆ ನಿಂತರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಏಳು ವರ್ಷದವರಿದ್ದಾಗ ತಂದೆ ವಿಲ್ ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಇಲ್ಲ, ಮಗಳಿಗೂ ಇಲ್ಲ. ಕಾಮರ್ಸ್ ಓದುವ ನನಗೆ ಅವರ ಜೀವನದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ಒಂದು ಕಾಗದ ಇಲ್ಲದ್ದಕ್ಕೆ ಇದ್ದ ಮನೆ ಬೇರೆಯವರದಾಯಿತು.

ಹದಿನಾಲ್ಕಕ್ಕೆ ಮದುವೆ. ಸ್ವಲ್ಪ ದಿನದಲ್ಲೇ ಗಂಡ ತೀರಿಕೊಂಡರು. ಆಗಿನ ಪದ್ಧತಿಯಂತೆ ಮೂಲೆಯಲ್ಲಿ ಕೂರದೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ಇಬ್ಬರೂ ಸೇರಿ ನಾಟಕ ಆಡಿದರು. ಜನ ಏನು ಆಡಿಕೊಂಡಿರಬಹುದು ಎಂದು ನಮ್ಮ ಓಣಿಯಲ್ಲಿರುವ ಯಾರಿಗಾದರೂ ಗೊತ್ತಾಗುತ್ತದೆ.

1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ‘ಮೃಚ್ಛಕಟಿಕ’ ತೆಗೆದರು. ಶೂದ್ರಕನ ಸಂಸ್ಕೃತ ನಾಟಕದ ಕತೆ. ಕನ್ನಡ ನಾಡಿನ ಮೊದಮೊದಲ ಮೂಕಿಚಿತ್ರಗಳಲ್ಲಿ ಅದೂ ಒಂದು. ಅದರಲ್ಲಿ ಟಿ.ಪಿ. ಕೈಲಾಸಂ, ಏಣಾಕ್ಷಿ ರಾಮರಾವ್ ಜೊತೆ ಕಮಲಾದೇವಿಯೂ ನಟಿಸಿದರು. ಮೂಕಿಚಿತ್ರದಲ್ಲಿ ಮಾತು ಪರದೆ ಮೇಲೆ ಅಕ್ಷರವಾಗಿ ಬರುತ್ತಿತ್ತು. ಉಳಿದದ್ದನ್ನೆಲ್ಲ ಮುಖ, ಕೈಗಳಲ್ಲೇ ತೋರಿಸಬೇಕಿತ್ತು. 1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾ ಮಾತಾಡಿತು, ಅದೂ ಹೆಚ್ಚುಕಡಿಮೆ ನಮ್ಮ ಮನೆಮಾತಿನಲ್ಲೇ! ಮೂಕಿಯ ಕಾಲ ಮುಗಿಯತೊಡಗಿತು.

ಕಮಲಾದೇವಿ ಮಾತ್ರ ಮೂಕರಾಗಿದ್ದವರಲ್ಲ. 1926ರಲ್ಲೇ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತಿದ್ದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಬೊಂಬಾಯಿಯ ಷೇರು ಪೇಟೆಯೊಳಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೂ ಹೋದರು. ನಮ್ಮ ಪಾಠಪುಸ್ತಕದ ಷೇರು ಪೇಟೆ ಅಧ್ಯಾಯದಲ್ಲಿ ಈ ವ್ಯಾಪಾರ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅವರು ಹಿಡಿದದ್ದು ಸಹಕಾರ ಸಂಘದ ಕೆಲಸ. ದೇಶ ಇಬ್ಭಾಗವಾದಾಗ ಮನೆ ಬಿಟ್ಟು ಬಂದವರು ಫರೀದಾಬಾದಿನಲ್ಲಿ ನೆಲೆ ನಿಲ್ಲಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ನೇಯುವವರು, ಮಣ್ಣಿನ ಪಾತ್ರೆ ಮಾಡುವವರು, ಕಸೂತಿ ಹಾಕುವ ಹೆಂಗಸರು ಮಾಡಿದ್ದಕ್ಕೆ ಮಾರುಕಟ್ಟೆ ಹುಡುಕುವುದೇ ಅವರ ಮುಂದಿನ ಬದುಕಾಯಿತು. ಹರಪನಹಳ್ಳಿ, ಹಡಗಲಿ ಕಡೆಯ ತಾಂಡಾಗಳಲ್ಲಿ ಕನ್ನಡಿ ಕೂರಿಸಿ ಲಂಗ ಹೊಲಿಯುವ ಲಂಬಾಣಿ ಅಜ್ಜಿಯರನ್ನು ನೋಡಿದವರಿಗೆ ಆ ಕೆಲಸ ಏನೆಂದು ತಿಳಿಯುತ್ತದೆ. ಒಂದು ಲಂಗಕ್ಕೆ ತಿಂಗಳುಗಟ್ಟಲೆ ಕೂತರೂ ಆ ದಿನಗಳ ಕೂಲಿಯನ್ನು ಯಾರೂ ಬೆಲೆಗೆ ಸೇರಿಸುವುದಿಲ್ಲ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ಅಕ್ಟೋಬರ್ 29ರಂದು ಕಮಲಾದೇವಿ ತೀರಿಕೊಂಡರು. ಆಗ ಅವರಿಗೆ 85 ವರ್ಷ.