ಬಾಲಕರ ಗುರು ಮೈಕೇಲ್ ಫ್ಯಾರಡೆ

ಲಂಡನ್ ಬಳಿಯ ಬಡ ಕಮ್ಮಾರನೊಬ್ಬನ ಮಗನಾಗಿ 1791ರಲ್ಲಿ ಜನಿಸಿದ ಫ್ಯಾರಡೆಗೆ ಶಾಲಾಭಾಗ್ಯವು ಓದುಬರಹದ ಮಟ್ಟಕ್ಕೇ ಮುಗಿಯಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ, ಕಟ್ಟಲು ಬಂದ ಗ್ರಂಥಗಳನ್ನೇ ಓದಿ ಬೆಳೆದ ಆತನು 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯನ್ನು ಸೇರಿದನು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದುದು ಸರ್ವವಿದಿತ; ಬಾಲಕರಿಗೆ ಮಾಡಿದ ಉಪಕಾರವಾದರೋ ಅಷ್ಟು ವಿದಿತವಲ್ಲ.

1825ರಲ್ಲಿ ಆರಂಭವಾದ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು ಆತನು 19 ಸಲ ನಡೆಸಿದನು. 1860ರ ಕೊನೆಯಲ್ಲಿ, ಸ್ಮರಣಶಕ್ತಿ ಕುಂದಿದ್ದರೂ, ಕಡೆಯ ಸಲ ಮಕ್ಕಳ ಮುಂದೆ ನಿಂತಾಗ ವಿಷಯ ಮೇಣದ ಬತ್ತಿಯೊಂದೇ! ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದು, ಉರಿಯಿಂದಲೇ ನೀರಹನಿ ಮೂಡುವುದನ್ನು ತೋರಿಸಿದನು. ಜ್ವಾಲೆಯ ನಡುವೆ ಗಾಜಿನ ಕೊಳವೆಯಿಟ್ಟು, ಅದರ ಮೂಲಕ ಹೊರಬಂದ ಆವಿಯನ್ನು ಮತ್ತೊಂದು ತುದಿಯಲ್ಲಿ ಹೊತ್ತಿಸಿದನು. ಉಪಾಧ್ಯಾಯ ಬಂಧುಗಳು ಗಮನಿಸಬೇಕು, ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನೇ ಒಲ್ಲೆನೆಂದಿದ್ದ ಆ ಮಹನೀಯನು 1867ರಲ್ಲಿ ಹ್ಯಾಂಪ್ಟನ್ ಕೋರ್ಟಿನಲ್ಲಿ ದಿವಂಗತನಾದನು.