ಸ್ಟ್ರಾಡಿವಾರಿ ನಂಬಿದ ಗೆರೆ

ಸ್ಟ್ರಾಡಿವಾರಿ ಅಂದ ಕೂಡಲೇ ನಮಗೆ ನೆನಪಾಗೋದು ಕೋಟಿಗಟ್ಟಲೆ ಬೆಲೆಯ ಪಿಟೀಲು ಮತ್ತು ಅದರ ವಾರ್ನಿಷ್ ರಹಸ್ಯ. ವಾರ್ನಿಷ್ ಕಥೆ ಸಾಕಷ್ಟು ಆಗಿದೆ, ಬಿಡಿ. ನಾವು ನೋಡಬೇಕಾದ್ದು ಪಿಟೀಲಿನ ಮುಂಭಾಗದ ನಟ್ಟನಡುವೆ ಇಳಿಯುವ, ಕಣ್ಣಿಗೆ ಕಂಡೂ ಕಾಣದ ಗೆರೆ. ಎರಡು ಹಲಗೆಗಳ ಅಂಚು ಸೇರಿದ ಜಾಗ ಅದು. ನಮ್ಮ ಕರ್ನಾಟಕ ಸಂಗೀತದ ಪಿಟೀಲುಗಳಲ್ಲೂ ಸಾಮಾನ್ಯವಾಗಿ ಇರುತ್ತೆ.

ಆಂಟೋನಿಯೋ ಸ್ಟ್ರಾಡಿವಾರಿ ಹುಟ್ಟಿದ್ದು ಸುಮಾರು 1644ರಲ್ಲಿ. 1680ರಲ್ಲಿ ಇಟಲಿಯ ಕ್ರೆಮೋನಾದ ಸ್ಯಾನ್ ಡೊಮೆನಿಕೊ ಚೌಕದಲ್ಲಿ ಮನೆ ಕೊಂಡು, ಮಕ್ಕಳಾದ ಫ್ರಾನ್ಚೆಸ್ಕೊ, ಒಮೊಬೊನೊ ಜೊತೆ ಕೆಲಸ ಮಾಡಿದ. ತೊಂಬತ್ತು ದಾಟಿದರೂ ಉಪಕರಣ ಕೆಳಗಿಡಲಿಲ್ಲ.

ಕಲ್ಲಂಗಡಿ ಹೋಳಿನ ಥರ ಸೀಳಿದ ಸ್ಪ್ರೂಸ್ ಮರವನ್ನ ಮತ್ತೆ ಎರಡು ಮಾಡಿ, ಪುಸ್ತಕ ಬಿಚ್ಚಿದ ಹಾಗೆ ತೆರೆದು, ದಪ್ಪ ಅಂಚುಗಳನ್ನ ನಡುವೆ ಸೇರಿಸುತ್ತಾರೆ. ಹೇಗೆ ಸೇರಿಸೋದು? ಬಡಗಿಗಳ ಹತ್ತಿರ ಮರದ ಗೂಟ ಇತ್ತು, ಟಂಗ್ ಅಂಡ್ ಗ್ರೂವ್ ಇತ್ತು. ಆದರೆ ಕೆತ್ತಿದ ಮೇಲೆ ಈ ಹಲಗೆ ಉಳಿಯೋದೇ ಸುಮಾರು 3 ಮಿಲಿಮೀಟರ್ ದಪ್ಪ. ಗೂಟ ಕೂರೋದೆಲ್ಲಿ? ಹಾಗಾಗಿ ಬರೀ ಅಂಚಿಗೆ ಅಂಚು, ನಡುವೆ ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಬಿಸಿ ಅಂಟು.

ಕೇಳೋಕೆ ಸುಲಭ. ಆದರೆ ಈ ಅಂಟು ಸಂದು ತುಂಬಲ್ಲ, ಮತ್ತೆ ಆರಿದರೆ ಕ್ಷಣದಲ್ಲಿ ಗಟ್ಟಿಯಾಗುತ್ತೆ. ಉಜ್ಜುಗೊರಡು ಎಳೆದ ಎರಡು ಅಂಚುಗಳನ್ನ ಜೋಡಿಸಿ ಬೆಳಕಿಗೆ ಹಿಡಿದರೆ ಒಂದು ಎಳೆ ಬೆಳಕೂ ದಾಟಬಾರದು. ಮೇಲೆ ಕುದುರೆಯ ಮೂಲಕ ತಂತಿಗಳ ಒತ್ತಡ ಬೇರೆ. ಕೂಡಿದ್ದು ಬಾಯಿ ಬಿಟ್ಟರೆ ನಾದ ಹೋಗಿ ಕಿರಕಿರಿ ಸದ್ದು ಬರುತ್ತೆ, ಕೆತ್ತನೆಯ ಶ್ರಮ ನೀರುಪಾಲು. ಸರಿಯಾಗಿ ಕೂಡಿದರೆ ಮಾತ್ರ ಅಂಟಿಗಿಂತ ಮೊದಲು ಮರವೇ ಸೀಳೋದು! ನಮ್ಮ ಲೆಕ್ಕದಲ್ಲಿ ಇದು ಧೈರ್ಯದ ಡಿಸೈನ್, ಏಕೆಂದರೆ ಬ್ಯಾಕಪ್ ಅನ್ನೋದೇ ಇಲ್ಲ.

ಇನ್ನೊಂದು ಲಾಭವೂ ಇದೆ: ಈ ಅಂಟು ಬಿಸಿ, ತೇವಕ್ಕೆ ಬಿಡುತ್ತೆ. ಅದಕ್ಕೇ ರಿಪೇರಿಗಾರರು ಮುಂಭಾಗದ ಹಲಗೆಯನ್ನ ಪಕ್ಕದ ಪಟ್ಟಿಗಳಿಂದ ಬಿಡಿಸಿ, ಒಳಗೆ ಕೆಲಸ ಮಾಡಿ, ಮತ್ತೆ ಅಂಟಿಸಬಹುದು.

ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡ. ಮಾಡಿದ ಸುಮಾರು 1,100 ವಾದ್ಯಗಳಲ್ಲಿ 650ರಷ್ಟು ಉಳಿದಿವೆ. ಕತ್ತನ್ನ ಮಾತ್ರ ಆತ ಅಂದಿನ ರೂಢಿಯಂತೆ ಒಳಗಿನಿಂದ ಮೊಳೆ ಹೊಡೆದು ಕೂರಿಸುತ್ತಿದ್ದ. ಮುಂದೆ ಉದ್ದದ ಕತ್ತು ಬೇಕಾದಾಗ, ಹೆಚ್ಚುಕಡಿಮೆ ಅವನ ಎಲ್ಲ ಪಿಟೀಲುಗಳ ಕತ್ತೂ ಬದಲಾಯಿತು.