ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ: ಪಂಜೆ ಮಂಗೇಶರಾಯರ ಬದುಕು

ಈ ಸಲ ಪತ್ರಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರೆಯಿರಿ ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ನನಗೆ ಒಬ್ಬರ ಜೀವನ ಆಗಲೇ ಗೊತ್ತಿತ್ತು. ಅದು ಗೊತ್ತಾದದ್ದು ನನ್ನ ಅಕ್ಕನಿಂದ.

ನಮ್ಮ ಮನೆ ಹೊನ್ನವಳ್ಳಿಯಲ್ಲಿ. ಅಬ್ಬಾ ಸುತ್ತಲಿನ ತೋಟಗಳಲ್ಲಿ ಕಾಯಿ ಕೊಂಡು, ಅಟ್ಟಕ್ಕೆ ಹಾಕಿ, ಕೊಬ್ಬರಿ ಮಾಡಿ ತಿಪಟೂರಿಗೆ ಒಯ್ಯುತ್ತಾರೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆಪಾ ಡಿ.ಎಡ್. ಓದುತ್ತಿದ್ದಾಳೆ. ಈಗ ಅದನ್ನು ಡಿ.ಎಲ್.ಎಡ್. ಎನ್ನುತ್ತಾರೆ, ಪಿಯುಸಿ ಆದ ಮೇಲೆ ಎರಡು ವರ್ಷದ ಕೋರ್ಸು. ಮೇಷ್ಟ್ರಾಗಲು ಓದುವುದು ಎಂದರೆ ಪುಸ್ತಕ ಓದಿ ಪರೀಕ್ಷೆ ಬರೆಯುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರ ಪಾಠ ನೋಡಬೇಕು. ಮಗು ಎಲ್ಲಿ ಗಮನ ಕೊಟ್ಟಿತು, ಎಲ್ಲಿ ಕಿಟಕಿ ನೋಡಿತು ಎಂದು ಬರೆದುಕೊಳ್ಳಬೇಕು. ಆಮೇಲೆ ಪಾಠಯೋಜನೆ ಬರೆದು ತಾನೇ ಪಾಠ ಮಾಡಬೇಕು. ಆಗ ಜೊತೆಯವರು ಹಿಂದೆ ಕೂತು ನೋಡುತ್ತಾರೆ, ತಪ್ಪುಗಳನ್ನು ಬರೆಯುತ್ತಾರೆ.

ಆಪಾಳ ಮೊದಲ ಪಾಠ ಒಂದು ಕನ್ನಡ ಶಾಲೆಯ ನಾಲ್ಕನೇ ತರಗತಿಗೆ ಇತ್ತು. ವಿಷಯ ನಮ್ಮ ಹಳ್ಳಿ. ಆಪಾಗೆ ಳಕಾರ ಸರಿಯಾಗಿ ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಅವಳು ಹಳ್ಳಿ ಎನ್ನಲು ಹೋಗಿ ಹಲ್ಲಿ ಎಂದುಬಿಟ್ಟಳು. ಒಂದು ಮಗು ಗೋಡೆಯ ಮೇಲೆ ಹಲ್ಲಿ ಹುಡುಕಿತು. ಇಡೀ ತರಗತಿ ನಕ್ಕಿತು. ಪಾಠ ಮುಗಿದ ಮೇಲೆ ನೋಡಲು ಬಂದಿದ್ದವರಲ್ಲಿ ಒಬ್ಬರು, ಉರ್ದು ಮನೆಯವರು ಕನ್ನಡ ಪಾಠದ ಆಸೆ ಬಿಟ್ಟು ಗಣಿತ ಹಿಡಿದರೆ ಒಳ್ಳೆಯದು ಎಂದರಂತೆ. ಅಂದು ಸಂಜೆ ಆಪಾ ಊಟ ಮಾಡಲಿಲ್ಲ. ಕೋರ್ಸು ಬಿಡುತ್ತೇನೆ ಎಂದು ಅಮ್ಮಿಯ ಹತ್ತಿರ ಹೇಳಿದಳು.

ಅದೇ ವಾರ ಅವಳು ಒಬ್ಬ ಶಿಕ್ಷಣ ಸಾಧಕರ ಜೀವನ ಬರೆದು ಒಪ್ಪಿಸಬೇಕಿತ್ತು. ಎಲ್ಲರೂ ಬೇರೆ ಬೇರೆ ಹೆಸರು ಆರಿಸಿಕೊಂಡು ಅವಳಿಗೆ ಉಳಿದದ್ದು ಪಂಜೆ ಮಂಗೇಶರಾಯರು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಓದಿ ಹೇಳಿದಳು, ನಾನು ಬರೆದೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಪಂಜ ಎಂಬುದು ಅವರ ಹಿರಿಯರ ಊರು. ಈಗಿನ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ಬಡತನ. ಓದುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆಯ ಭಾರ ಹೊತ್ತುಕೊಂಡೇ ಅವರು ಓದು ಮುಂದುವರಿಸಿದರು, ಅದಕ್ಕಾಗಿ ಮನೆಪಾಠ ಹೇಳಿದರು. ಅಂದರೆ ತಾವೇ ಕಲಿಯುತ್ತಿದ್ದಾಗಲೇ ಇನ್ನೊಬ್ಬರಿಗೆ ಕಲಿಸಲು ಶುರು ಮಾಡಿದ್ದರು.

ನಾನು ಬರೆಯುವುದನ್ನು ನಿಲ್ಲಿಸಿ ಆಪಾಳ ಮುಖ ನೋಡಿದ್ದು ಮುಂದಿನ ಮಾತು ಬಂದಾಗ. ಪಂಜೆಯವರ ಮನೆಮಾತು ಕನ್ನಡವಲ್ಲ, ಕೊಂಕಣಿ. ಬೀದಿಗೆ ಬಂದರೆ ತುಳು. ಕನ್ನಡ ಅವರಿಗೆ ಶಾಲೆಯ ಭಾಷೆ. ನಮ್ಮ ಹಾಗೆಯೇ! ಆಪಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

ಮುಂದೆ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅವರ ಶಿಷ್ಯರಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರನ್ನೇ. ಅವರ ಮನೆಮಾತೂ ಕೊಂಕಣಿ. ಗುರು ಶಿಷ್ಯ ಇಬ್ಬರೂ ಕನ್ನಡವನ್ನು ಮನೆಯ ಹೊರಗಿನಿಂದ ತಂದುಕೊಂಡವರು, ಇಬ್ಬರೂ ಅದರಲ್ಲಿ ಕವಿಗಳಾದರು. ಪಂಜೆಯವರು ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅಷ್ಟು ಬರೆದವರು ತಮ್ಮನ್ನು ಗುರು ಎಂದುಕೊಳ್ಳದೆ ಶಿಷ್ಯ ಎಂದುಕೊಂಡದ್ದು ನನಗೆ ತುಂಬಾ ಇಷ್ಟವಾಯಿತು.

ಕಾಲೇಜಿನ ಕೆಲಸ ಸಿಕ್ಕಿದ ಮೇಲೂ ಅವರು ಓದು ಬಿಡಲಿಲ್ಲ. ಎಲ್.ಟಿ. ಪರೀಕ್ಷೆ ಪಾಸು ಮಾಡಿದರು. ಎಲ್.ಟಿ. ಎಂದರೆ ಆ ಕಾಲದ ಬಿ.ಎಡ್. ಎನ್ನಬಹುದು. ಪದವೀಧರರು ಪಾಠ ಮಾಡುವ ಕ್ರಮ ಕಲಿತು ಪಡೆಯುವ ಅರ್ಹತೆ ಅದು. ಆಮೇಲೆ ಅವರು ಶಾಲಾ ಇನ್ಸ್‌ಪೆಕ್ಟರ್ ಆದರು.

ಆ ಕಾಲದಲ್ಲಿ ಇನ್ಸ್‌ಪೆಕ್ಟರ್ ಎಂದರೆ ಮೇಷ್ಟ್ರಿಗೂ ಮಕ್ಕಳಿಗೂ ನಡುಕ. ಅದಕ್ಕೆ ಕಾರಣವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಪ್ರಾಂತ್ಯದ ಅನುದಾನಿತ ಶಾಲೆಗಳಿಗೆ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಇತ್ತು. ಇನ್ಸ್‌ಪೆಕ್ಟರ್ ಬಂದು ಮಕ್ಕಳನ್ನು ಪರೀಕ್ಷೆ ಮಾಡಬೇಕು. ಎಷ್ಟು ಮಕ್ಕಳು ಪಾಸಾದರೋ ಅಷ್ಟು ಅನುದಾನ. ನಾನು ಕಾಮರ್ಸ್ ವಿದ್ಯಾರ್ಥಿ, ನನಗೆ ಇದು ಬೇಗ ಅರ್ಥವಾಯಿತು. ಇದು ಕಮಿಷನ್ ಲೆಕ್ಕ. ಹೀಗಾದರೆ ಮೇಷ್ಟ್ರು ಏನು ಮಾಡುತ್ತಾರೆ? ಮಕ್ಕಳಿಗೆ ಅರ್ಥವಾಗಲಿ ಬಿಡಲಿ, ಬಾಯಿಪಾಠ ಮಾಡಿಸುತ್ತಾರೆ. ಆ ಪದ್ಧತಿ ಹೋದರೂ ಭಯ ಅಷ್ಟು ಬೇಗ ಹೋಗುವಂಥದ್ದಲ್ಲ.

ಪಂಜೆಯವರು ಶಾಲೆಗೆ ಬಂದರೆ ಬೇರೆ ಥರ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು. ಪಾಠ ಹೀಗೂ ಮಾಡಬಹುದು ಎಂದು ಮೇಷ್ಟ್ರುಗಳು ಅದನ್ನು ನೋಡಿಯೇ ಕಲಿಯುವಂತಿತ್ತು. ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ಅವರು ಕೆಲಸ ಮಾಡಿದರು, ಮೇಷ್ಟ್ರಾಗುವವರಿಗೆ ಮೇಷ್ಟ್ರಾದರು.

ಶಾಲೆಗಳನ್ನು ನೋಡುತ್ತಾ ಹೋದವರಿಗೆ ಒಂದು ಕೊರತೆ ಕಾಣದೆ ಇರುವುದಿಲ್ಲ. ಚಿಕ್ಕ ಮಕ್ಕಳು ಖುಷಿಯಿಂದ ಓದುವ ಕನ್ನಡ ಪುಸ್ತಕ ಆಗ ತೀರಾ ಕಡಿಮೆ. ಹಳಗನ್ನಡದ ಪದ್ಯ ಮಗುವಿನ ಬಾಯಿಗೆ ಸಿಗುವುದಿಲ್ಲ. ಪಂಜೆಯವರು ತಾವೇ ಬರೆಯಲು ಕೂತರು. ಹಾವಿನ ಹಾಡು, ತೆಂಕಣ ಗಾಳಿಯಾಟ, ಉದಯರಾಗ ಇವೆಲ್ಲ ಅವರವು. ನಮ್ಮಲ್ಲಿ ಬಹಳ ಜನ ಪ್ರೈಮರಿಯಲ್ಲಿ ಕೈಕಾಲು ಆಡಿಸಿಕೊಂಡು ಹಾಡಿದ ಹಾವಿನ ಹಾಡು ಪಂಜೆಯವರದು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮೂರು ಕರಡಿಗಳ ಇಂಗ್ಲಿಷ್ ಕಥೆಯನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟರು. ತುಳುನಾಡಿನ ಜನ ಹಾಡುತ್ತಿದ್ದ ವೀರರ ಕಥೆಯನ್ನು ಕೋಟಿ ಚೆನ್ನಯ ಎಂದು ಕನ್ನಡದಲ್ಲಿ ಬರೆದರು. ಮಕ್ಕಳ ಪುಸ್ತಕಗಳಿಗೆಂದೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು.

ಆಮೇಲೆ ಅವರ ಕೆಲಸ ಕೊಡಗಿಗೆ ಬಂತು. ಅಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು, ಮಡಿಕೇರಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಅಲ್ಲಿಯ ಮಕ್ಕಳ ಮನೆಮಾತು ಮತ್ತೆ ಬೇರೆ, ಕೊಡವ ತಕ್ಕ್. ಬೆಟ್ಟ ಬೇರೆ, ಹಬ್ಬ ಬೇರೆ. ಪಂಜೆಯವರು ಕರಾವಳಿಯ ಹಾಡನ್ನೇ ಅಲ್ಲಿಯೂ ಹಾಡಿಸುತ್ತಾ ಇದ್ದುಬಿಡಲಿಲ್ಲ. ಕೊಡಗಿನ ಸುಗ್ಗಿ ಹಬ್ಬದ ಹೆಸರಿನಲ್ಲಿ ಹುತ್ತರಿ ಹಾಡು ಬರೆದರು. ಕೊಡಗಿನ ಜನ ಅದನ್ನು ಇವತ್ತಿಗೂ ತಮ್ಮದೆಂದು ಹಾಡುತ್ತಾರೆ. ಹೊರಗಿನಿಂದ ಬಂದ ಮೇಷ್ಟ್ರು ಒಬ್ಬರು ಊರಿನವರಿಗೆ ಅವರದೇ ಹಾಡು ಬರೆದುಕೊಟ್ಟರು. ಹೀಗೆ ಬರೆಯಬೇಕಾದರೆ ಅವರು ಅಲ್ಲಿ ಕಲಿಸಿದ್ದಕ್ಕಿಂತ ಹೆಚ್ಚು ಕಲಿತಿರಬೇಕು ಎಂದು ನನಗೆ ಅನ್ನಿಸುತ್ತದೆ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರೇ ಅಧ್ಯಕ್ಷರು. ಇದನ್ನು ಬರೆಯುವಾಗ ನಾನು ಮತ್ತೊಮ್ಮೆ ನಿಲ್ಲಿಸಿದೆ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲಿ. ಅಂದರೆ ರಾಯಚೂರಿನ ಕನ್ನಡ ಮನೆಯ ಹುಡುಗ ಮುಂದೆ ಓದಬೇಕಾದರೆ ಉರ್ದು ಕಲಿಯಬೇಕಿತ್ತು. ಹೊನ್ನವಳ್ಳಿಯ ಉರ್ದು ಮನೆಯ ನಾನು ಮುಂದೆ ಓದಲು ಕನ್ನಡ ಕಲಿತೆ. ಅವನು ಉರ್ದು ಅಕ್ಷರದ ಮುಂದೆ ತಡವರಿಸಿದಾಗಲೂ ಯಾರೋ ನಕ್ಕಿರಬಹುದು. ಭಾಷೆ ಯಾವುದೇ ಇರಲಿ, ಹಾಗೆ ತಡವರಿಸುವ ಮಗುವಿನ ಕಷ್ಟ ಒಂದೇ ಎಂದು ಆಪಾ ಹೇಳಿದಳು. ಅವಳ ಬರಹದಲ್ಲಿ ಆ ಮಾತನ್ನೂ ಸೇರಿಸಿದೆವು.

1937ರ ಅಕ್ಟೋಬರ್‌ನಲ್ಲಿ ಪಂಜೆಯವರು ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಬರಹ ಒಪ್ಪಿಸಿದ ಮೇಲೆ ಆಪಾ ಕೋರ್ಸು ಬಿಡುವ ಮಾತು ಎತ್ತಲಿಲ್ಲ. ಮುಂದಿನ ಪಾಠಕ್ಕೆ ಪಂಜೆಯವರದೇ ಒಂದು ಕಥೆ ಆರಿಸಿಕೊಂಡಳು. ಅದರ ಹೆಸರು ಸಿಗಡಿ ಯಾಕೆ ಒಣಗಲಿಲ್ಲ. ಬಿಸಿಲಿಗೆ ಹಾಕಿದ ಸಿಗಡಿ ಒಣಗುವುದಿಲ್ಲ. ಯಾಕೆ ಎಂದು ಕೇಳಿದರೆ ಅದು ಇನ್ನೊಂದರ ಮೇಲೆ ತಪ್ಪು ಹಾಕುತ್ತದೆ, ಅದು ಮತ್ತೊಂದರ ಮೇಲೆ. ಹೀಗೆ ಪ್ರಶ್ನೆಗೆ ಪ್ರಶ್ನೆ ಪೋಣಿಸಿಕೊಂಡು ಕಥೆ ಹೋಗುತ್ತದೆ. ಆದರೆ ನಮ್ಮ ಕಡೆಯ ಮಕ್ಕಳಿಗೆ ಸಿಗಡಿ ಮೀನು ಒಣಗಿಸುವುದು ಏನು ಗೊತ್ತು? ಪಂಜೆಯವರು ಕೊಡಗಿನಲ್ಲಿ ಮಾಡಿದ್ದನ್ನು ಆಪಾ ನೆನಪು ಮಾಡಿಕೊಂಡಳು. ಸಿಗಡಿಯ ಕಥೆ ಹೇಳಿ ಮುಗಿಸಿ, ಈಗ ಅಟ್ಟದ ಮೇಲಿನ ಕೊಬ್ಬರಿ ಯಾಕೆ ಒಣಗಲಿಲ್ಲ ಎಂದು ನೀವು ಕಥೆ ಕಟ್ಟಿ ಎಂದಳಂತೆ. ಅಟ್ಟದಲ್ಲಿ ಕಾಯಿ ಒಳಗೇ ಒಣಗಿ ಗಿಟಕು ಆಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು ಎಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈಗಳು ಎದ್ದವು. ಕೊಬ್ಬರಿ ಅಟ್ಟದ ಮೇಲೆ, ಅಟ್ಟ ಒಲೆಯ ಹೊಗೆಯ ಮೇಲೆ, ಒಲೆ ಒಣಗದ ಮಟ್ಟೆಯ ಮೇಲೆ, ಮಟ್ಟೆ ಮಳೆಯ ಮೇಲೆ ತಪ್ಪು ಹಾಕುತ್ತಾ ಹೋಯಿತು. ಹಿಂದಿನ ಸಲ ಕಿಟಕಿ ನೋಡುತ್ತಿದ್ದ ಹುಡುಗನೇ ಮಳೆಯವರೆಗೆ ತಂದನಂತೆ.

ಮಳೆ ಎನ್ನುವಾಗ ಆಪಾ ಮತ್ತೆ ತಪ್ಪಿದಳು. ಈ ಸಲ ಅವಳು ತಲೆ ತಗ್ಗಿಸಲಿಲ್ಲ. ನನಗೆ ಈ ಅಕ್ಷರ ಕಷ್ಟ, ನೀವೇ ಹೇಳಿಕೊಡಿ ಎಂದು ಮಕ್ಕಳನ್ನು ಕೇಳಿದಳು. ಒಂದು ಹುಡುಗಿ ಎದ್ದು ನಾಲಿಗೆ ಹೇಗೆ ಮಡಚಬೇಕು ಎಂದು ಬಾಯಿ ತೆರೆದು ತೋರಿಸಿತು. ಎಲ್ಲರೂ ನಕ್ಕರು, ಆಪಾಳೂ ನಕ್ಕಳು. ಆ ದಿನ ಹಿಂದಿನ ಬೆಂಚಿನವರು ಅವಳ ಬಗ್ಗೆ ಏನು ಬರೆದರು ಎಂದು ನಾನು ಕೇಳಿದೆ. ಉಚ್ಚಾರಣೆ ಸುಧಾರಿಸಬೇಕು, ಮಕ್ಕಳು ಚೆನ್ನಾಗಿ ಭಾಗವಹಿಸಿದರು ಎಂದು ಎರಡೂ ಬರೆದಿದ್ದರಂತೆ. ಎರಡೂ ನಿಜ ಎಂದಳು ಆಪಾ.

ಈಗ ನನ್ನ ವಿಷಯ. ನಾನು ಬಿ.ಕಾಂ. ಮಾಡಿ ಕೊಬ್ಬರಿ ಲೆಕ್ಕ ನೋಡಿಕೊಳ್ಳಬೇಕು ಎಂದು ಅಬ್ಬಾರ ಆಸೆ. ಅದು ತಪ್ಪಲ್ಲ, ಲೆಕ್ಕ ನನಗೂ ಇಷ್ಟ. ಆದರೆ ಅದನ್ನು ಮಂಡಿಯಲ್ಲಿ ಬರೆಯುವುದಕ್ಕಿಂತ ಕರಿಹಲಗೆಯ ಮೇಲೆ ಬರೆಯುವ ಆಸೆ ನನಗೆ ಈಚೆಗೆ ಹುಟ್ಟಿದೆ. ಗಂಡು ಹುಡುಗ ಡಿ.ಎಡ್. ಸೇರುತ್ತಾನಾ ಎಂದು ಗೆಳೆಯರು ನಗುತ್ತಾರೆ. ಅಬ್ಬಾಗೆ ಇನ್ನೂ ಹೇಳಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಈ ಪತ್ರಿಕೆ ಮನೆಗೆ ಬಂದ ದಿನ ಆಪಾ ಓದಿ ಹೇಳುತ್ತಾಳೆ, ಆಗ ಗೊತ್ತಾಗುತ್ತದೆ. ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಉರ್ದುವೋ ಬ್ಯಾರಿಯೋ ಬೇರೆ ಯಾವುದೋ ಮಾತಾಡಿ ಇಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯುವವರು ಯಾರಾದರೂ ಮೇಷ್ಟ್ರಾಗುವ ಯೋಚನೆಯಲ್ಲಿದ್ದರೆ, ಒಮ್ಮೆ ಪಂಜೆಯವರ ಕಥೆ ಓದಿ. ಲೈಬ್ರರಿಯಲ್ಲಿ ಸಿಗದಿದ್ದರೆ ನನ್ನನ್ನು ಕೇಳಿ, ಆಪಾಳ ಪುಸ್ತಕ ತಂದುಕೊಡುತ್ತೇನೆ.